ಬಾಯಿಕುಕ್ಕೆ ಕಟ್ಟಿದ ಹಬ್ಬ

ಸಿದ್ದಾಪುರ
14 ಜುಲೈ 1996

ಪ್ರೀತಿಯ ವೇದಾ,

ಕೂತು ಓದು. ನಿಂತು ಓದಿದರೆ ಕುಣಿದುಬಿಡುತ್ತೀಯ, ನಿಮ್ಮ ವೀಕ್ಷಣಾಲಯದ ಮರ್ಯಾದೆ ಹೋಗುತ್ತದೆ.

ನಿಮ್ಮ ಊರು ತ್ಯಾಗಲಿಯ ದನಗಳು ಈ ಬೇಸಿಗೆಯಿಂದ ಗೊರಕೆ ಹೊಡೆಯುತ್ತಿರುವುದು ನಿನಗೆ ಗೊತ್ತಲ್ಲ? ಹಗಲಲ್ಲಿ, ನಿಂತಲ್ಲಿ, ಮೇಯುವಾಗಲೂ ಗರಗಸ ಎಳೆದ ಹಾಗೆ ಉಸಿರು. ಮೊನ್ನೆ ಚೌಡಮ್ಮನ ದನದ ಸಿಂಬಳವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊಟ್ಟೆಗಳು ಕಣೇ! ಗೇರುಬೀಜದ ಹಾಗೆ ಬಾಗಿದ, ತುದಿಯಲ್ಲಿ ಮುಳ್ಳಿರುವ ಮೊಟ್ಟೆಗಳು. ಪುಸ್ತಕದ ಚಿತ್ರದಲ್ಲಿ ನೋಡಿದ್ದು ಸಾಕ್ಷಾತ್ ಕಣ್ಣೆದುರು. ನಾನು ಕಿರುಚಿದ್ದು ಕೇಳಿ ನಮ್ಮ ಆಸ್ಪತ್ರೆಯ ಜವಾನ ಕೆರಿಯಪ್ಪ ಹಾವು ಹೊಕ್ಕಿತೆಂದು ದೊಣ್ಣೆ ಹಿಡಿದು ಓಡಿ ಬಂದ.

ಇದೊಂದು ಹುಳದ ಕೆಲಸ. ಮರಿಯಾಗಿದ್ದಾಗ ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿರುತ್ತದೆ. ಅಲ್ಲಿಂದ ಹೊರಬಿದ್ದು, ನೀರಿಗಿಳಿದ ದನದ ಚರ್ಮ ಕೊರೆದು ಒಳಹೊಕ್ಕು, ಮೈಯೆಲ್ಲ ಸುತ್ತಿ ಕೊನೆಗೆ ಮೂಗಿಗೆ ಬಂದು ಬಿಡಾರ ಹೂಡುತ್ತದೆ. ತಿಂಗಳು ಮೂರು ನಾಲ್ಕು ಕಳೆಯುವಷ್ಟರಲ್ಲಿ ಮೂಗಿನೊಳಗೆ ಗಂಟು ಕಟ್ಟಿ ಗೊರಕೆ ಶುರು. ಇಷ್ಟು ಎಲ್ಲ ಪಶುವೈದ್ಯರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು, ತ್ಯಾಗಲಿಯಲ್ಲಿ ಇದು ಯಾವ ನೀರಿನಿಂದ ಬರುತ್ತದೆ ಎಂಬುದು. ಕೆಳಗಿನ ಕೆರೆಯೋ, ಗದ್ದೆಯ ನೀರೋ?

ಕೆರೆ ಎಂದು ನಾನು. ಗದ್ದೆ ಎಂದು ನಮ್ಮ ಸಾಹೇಬರು. "ಕೆರೆ ಅಂತ ತೋರಿಸಿಕೊಡಿ ಅಫ್ಸಾನಾ, ಕೆರೆಗೆ ಬೇಲಿ, ಊರಿಗೆ ನೀರಿನ ತೊಟ್ಟಿ, ಎರಡಕ್ಕೂ ನಾನೇ ಬರೀತೀನಿ. ಗದ್ದೆ ಆದರೆ ಬೇಲಿ ಹಾಕಿ ಏನು ಮಾಡೋಣ?" ಅಂದರು. ಬರುವ ಏಪ್ರಿಲಿನಲ್ಲಿ ಧಾರವಾಡದಲ್ಲಿ ಪಶುವೈದ್ಯರ ಸಭೆ ಇದೆ. ಅಲ್ಲಿ ನನ್ನ ಪ್ರಬಂಧಕ್ಕೆ ಜಾಗ ಹಿಡಿದಿಟ್ಟಿದ್ದಾರೆ. ಯಲ್ಲಾಪುರದ ಲಾರಿ ಖುರ್ಷಿದ್‌ನ ಮಗಳು ಪ್ರಬಂಧ ಓದುತ್ತಾಳಂತೆ! ಅದಕ್ಕಿಂತ ದೊಡ್ಡದು, ಆ ಮೂಕ ಪ್ರಾಣಿಗಳು ನೆಟ್ಟಗೆ ಉಸಿರಾಡಬೇಕು ಮಾರಾಯ್ತಿ. ಚೌಡಮ್ಮನ ದನ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ನೋಡಲಾಗುವುದಿಲ್ಲ.

ಹೇಗೆ ತೋರಿಸಲಿ? ನೀನು ಆಕಾಶ ಅಳೆಯುವವಳು, ಹೇಳು.

ನಿನ್ನ
ಅಫ್ಸಾನಾ


ವೀಕ್ಷಣಾಲಯ, ಜವ್ವಾದಿ ಬೆಟ್ಟ
2 ಆಗಸ್ಟ್ 1996

ಸಿಂಬಳ ಪಂಡಿತೆ ಅಫ್ಸಾನಾಳಿಗೆ,

ಕೂತೇ ಓದಿದೆ. ಆಮೇಲೆ ಎದ್ದು ಕುಣಿದೆ. ಶಿರಸಿಯ ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ದಿನ ನನ್ನ ಪಾಲಿನದನ್ನೂ ಕೊಯ್ದುಕೊಟ್ಟವಳು ನೀನು. ಆ ಋಣ ತೀರಿಸುವ ಕಾಲ ಬಂತು.

ನನ್ನ ಕೆಲಸ ಹೊಳಪು ಏರಿಳಿಯುವ ಒಂದು ನಕ್ಷತ್ರವನ್ನು ಅಳೆಯುವುದು. ಅದೊಂದನ್ನೇ ನೋಡುತ್ತ ಕೂತರೆ ಏನೂ ತಿಳಿಯುವುದಿಲ್ಲ. ಒಂದು ದಿನ ಮಂಕಾಗಿ ಕಂಡರೆ ನಕ್ಷತ್ರವೇ ಮಂಕಾಯಿತೋ, ನಮ್ಮ ಮೇಲೆ ತೆಳ್ಳಗೆ ಮೋಡ ಬಂತೋ? ಅದಕ್ಕೇ ಪಕ್ಕದಲ್ಲಿ ಯಾವತ್ತೂ ಬದಲಾಗದ ಇನ್ನೊಂದು ನಕ್ಷತ್ರ ಹುಡುಕಿಕೊಳ್ಳುತ್ತೇವೆ. ಹೋಲಿಕೆಯ ನಕ್ಷತ್ರ. ಮೋಡ ಬಂದರೆ ಎರಡೂ ಮಂಕು. ಒಂದೇ ಮಂಕಾದರೆ ಅದರದೇ ಗುಣ.

ನಿನಗೆ ಬೇಕಾದದ್ದು ಹೋಲಿಕೆಯ ದನ! ಅದೇ ಗದ್ದೆಯಲ್ಲಿ ಮೇಯಬೇಕು, ಅದೇ ಹುಲ್ಲು ತಿನ್ನಬೇಕು, ಕೆರೆಗೆ ಮಾತ್ರ ಹೋಗಬಾರದು. ಅವಕ್ಕೆ ಗೊರಕೆ ಬಾರದಿದ್ದರೆ ನಿನ್ನ ಕೆರೆ ಸಿಕ್ಕಿಬಿದ್ದ ಹಾಗೆ. ಬಂದರೆ ನಿನ್ನ ಸಾಹೇಬರು ಗೆದ್ದ ಹಾಗೆ.

ನಮ್ಮ ಮನೆಯ ದನ ತಗೋ. ಬಾವಿಯ ಪಕ್ಕದಲ್ಲೇ ಕಲ್ಲಿನ ಬಾನಿ ಇದೆ, ಅಲ್ಲೇ ಕುಡಿಯುತ್ತವೆ. ಅಪ್ಪಯ್ಯನಿಂದ ಒಂದು ಮಾತು ತೆಗೆದುಕೊಂಡರೆ ಸಾಕು. ಸೀತಾರಾಮ ಹೆಗಡೆಯವರು ಕೊಟ್ಟ ಮಾತು ತಪ್ಪಿದ್ದನ್ನು ಈ ಜನ್ಮದಲ್ಲಿ ನಾನು ನೋಡಿಲ್ಲ. ನೋಡಿದ್ದರೆ ನಾನು ಸಣ್ಣವಳಿದ್ದಾಗ ಬೈಸಿಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತಿತ್ತು.

ವೇದಾ


ಸಿದ್ದಾಪುರ
20 ನವೆಂಬರ್ 1996

ಪ್ರೀತಿಯ ವೇದಾ,

ಎಲ್ಲ ಸುಸೂತ್ರ! ನಿಮ್ಮ ಮನೆ ಮತ್ತು ಬಾವಿ ನೀರು ಕುಡಿಸುವ ಇನ್ನು ಕೆಲವು ಮನೆಗಳು ನನ್ನ ಹೋಲಿಕೆಯ ಮನೆಗಳು. ಎಲ್ಲ ದನಗಳ ಮೂಗನ್ನೂ ಮೊದಲೇ ಪರೀಕ್ಷಿಸಿದ್ದೇನೆ, ಒಂದರಲ್ಲೂ ಮೊಟ್ಟೆ ಇಲ್ಲ. ಬಾವಿಯ ನೀರೇ ಕುಡಿಸುತ್ತೇವೆ, ಕೆರೆಯ ನೀರು ಕೊಡುವುದಿಲ್ಲ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೇನೆ. ನಿನ್ನ ಅಪ್ಪಯ್ಯ ಎಲ್ಲರಿಗಿಂತ ಹುಷಾರು. ಹೋದಾಗಲೆಲ್ಲ ನಾನು ಕೇಳುವ ಮೊದಲೇ ಜಗಲಿಯಿಂದ ಕೂಗುತ್ತಾರೆ: "ಕೆರೆ ಕಡಿಗೆ ಹೋಯ್ದಿಲ್ಲೆ ಕೂಸೆ, ಬಾ, ಆಸ್ರಿ ಕುಡಿ."

ದೀಪಾವಳಿಗೆ ನಾನು ಇಲ್ಲಿರಲಿಲ್ಲ. ನಿಹಾಲ್‌ನ ಮದುವೆಗೆ ಯಲ್ಲಾಪುರಕ್ಕೆ ಹೋಗಿದ್ದೆ. ಅಣ್ಣನ ಮದುವೆಯಲ್ಲೂ ನನ್ನ ಬಾಯಲ್ಲಿ ದನದ ಮೂಗಿನ ಮಾತೇ ಎಂದು ಅಮ್ಮಿ ಎಲ್ಲರೆದುರು ಬೈದರು. "ಹೆಣ್ಣು ನೋಡಲು ಬಂದವರ ಎದುರಿಗೂ ಹೀಗೇ ಸಿಂಬಳದ ಕಥೆ ಹೇಳ್ತೀಯಾ?" ಎಂದರೆ ನಾನು "ಕೇಳಿ ಕೂತವನೇ ಗಂಡ" ಅಂದೆ. ತಿರುಗಿ ಬಂದ ದಿನ ನಿನ್ನ ಆಯಿ ಹೋಳಿಗೆ ಎತ್ತಿಟ್ಟಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ. ಹೊಸ ಕರುವೂ ಬಂದಿದೆ, ಕಪಿಲೆಯದು, ಹಣೆಯಲ್ಲಿ ಬಿಳಿ ಬೊಟ್ಟು.

ಕೊಯ್ಲು ಮುಗಿದರೆ ಎಲ್ಲರ ದನವೂ ಒಂದೇ ಗದ್ದೆಯಲ್ಲಿ ಮೇಯುತ್ತದೆ. ಫೆಬ್ರವರಿಯಲ್ಲಿ ಮೂಗು ನೋಡುತ್ತೇನೆ. ನಾನು ಗೆದ್ದೆ ಎಂದೇ ತಿಳಿ.

ನಿನ್ನ ನಕ್ಷತ್ರ ಹೇಗಿದೆ?

ಅಫ್ಸಾನಾ


ಜವ್ವಾದಿ ಬೆಟ್ಟ
10 ಜನವರಿ 1997

ಪ್ರೀತಿಯ ಅಫ್ಸಾನಾ,

ತಡವಾಯಿತು, ಕ್ಷಮಿಸು. ಇಲ್ಲಿ ಎಲ್ಲ ಚೆನ್ನಾಗಿದೆ. ನಕ್ಷತ್ರವೂ ಚೆನ್ನಾಗಿದೆ. ಬರೆಯುವಂಥದ್ದೇನೂ ಇಲ್ಲ.

ಒಂದು ಸುದ್ದಿ ಇದೆ, ದೊಡ್ಡ ಧೂಮಕೇತು ಬರುತ್ತಿದೆ. ಮುಂದಿನ ತಿಂಗಳು ಬೆಳಗಿನ ಜಾವ ಎದ್ದರೆ ಮೂಡಲಲ್ಲಿ ಬರಿಗಣ್ಣಿಗೇ ಬಾಲ ಕಾಣುತ್ತದೆ. ಅಪ್ಪಯ್ಯನಿಗೂ ತೋರಿಸು.

ವೇದಾ


ಸಿದ್ದಾಪುರ
24 ಫೆಬ್ರವರಿ 1997

ವೇದಾ,

ಮುಗಿಯಿತು. ನಾನು ಸೋತೆ.

ನಿಮ್ಮ ಕೊಟ್ಟಿಗೆಯ ತುಂಗೆ ಗೊರಕೆ ಹೊಡೆಯುತ್ತಿದೆ. ಮೊದಲ ಸಲ ಕೇಳಿದಾಗ ಪಕ್ಕದ ಮನೆಯ ದನ ಎಂದುಕೊಂಡೆ. ಹತ್ತಿರ ಹೋದರೆ ನಮ್ಮ ತುಂಗೆಯೇ. ಮೂಗಿನಲ್ಲಿ ಅದೇ ಮೊಟ್ಟೆ. ಹೋರಿಗೂ, ಶರಾವತಿಗೂ ಬಂದಿದೆ. ಕಪಿಲೆಯೊಂದು ಸುಮ್ಮನಿದೆ, ಅದು ಇವತ್ತೋ ನಾಳೆಯೋ. ಬಾವಿ ನೀರಿನ ಇನ್ನೊಂದು ಮನೆಗೆ ಓಡಿದೆ, ಅಲ್ಲೂ ಹಾಗೇ. ಮತ್ತೆ ಉಳಿದ ಮನೆಗಳಿಗೆ ಹೋಗುವ ಮನಸ್ಸಾಗಲಿಲ್ಲ. ಸೈಕಲ್ ತಳ್ಳಿಕೊಂಡು ಅಳುತ್ತಾ ಬಂದೆ. ದಾರಿಯಲ್ಲಿ ಸಿಕ್ಕ ದನ ಕಾಯುವ ಬೈರ "ಏನಮ್ಮ, ಪಂಚರಾ?" ಅಂದ. ಹೌದು ಅಂದೆ.

ಸಾಹೇಬರು ನಗಲಿಲ್ಲ, ಅದೇ ಇನ್ನೂ ಕಷ್ಟ. "ಗದ್ದೆ ಅಂತ ನಾನು ಹೇಳಿದ್ದೆ. ಇರಲಿ, ಧಾರವಾಡದ ಪಟ್ಟಿಯಿಂದ ಹೆಸರು ತೆಗೆಸಲಾ?" ಎಂದು ಮೆಲ್ಲಗೆ ಕೇಳಿದರು. ಮಾರ್ಚ್ ಕೊನೆಗೆ ಹೇಳುತ್ತೇನೆ ಅಂದಿದ್ದೇನೆ. ಬೇಲಿಯೂ ಇಲ್ಲ, ತೊಟ್ಟಿಯೂ ಇಲ್ಲ.

ಊರಿನವರಿಗಂತೂ ಕಾರಣ ಸಿಕ್ಕಿಬಿಟ್ಟಿದೆ. ನಿನ್ನ ಧೂಮಕೇತು! ಚೌಡಮ್ಮ ಕೈ ತಿರುಗಿಸಿ ಹೇಳುತ್ತಾಳೆ, "ಬಾಲದ ಚುಕ್ಕಿ ಮೂಡ್ತು, ಹೆಗಡೇರ ಮನಿ ದನಕ್ಕೂ ಉಸ್ರು ಕಟ್ತು. ಮತ್ತೆಂತ ಕಾಗ್ದ ಬರೀತ್ರಿ ಡಾಕ್ಟ್ರಮ್ಮ?" ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗಿದೆ.

ಒಂದು ಮಾತು ನುಂಗಲಾರೆ, ಹೇಳಿಬಿಡುತ್ತೇನೆ. ನನಗಿನ್ನೂ ಕೆರೆಯ ಮೇಲೇ ಅನುಮಾನ. ನಿನ್ನ ಅಪ್ಪಯ್ಯ ನನ್ನ ಬೆನ್ನ ಹಿಂದೆ ದನಗಳನ್ನು ಕೆರೆಗೆ ಬಿಟ್ಟಿದ್ದಾರೆ. ಕೊಯ್ಲಿನ ಗಡಿಬಿಡಿಯಲ್ಲಿ ಬಾವಿಯಿಂದ ನೀರು ಸೇದುವುದು ಯಾರು? ದೊಡ್ಡವರು ಪಾಪ, ಡಾಕ್ಟ್ರಮ್ಮಂಗೆ ಎದುರಿಗೆ ಬೇಜಾರು ಮಾಡುವುದು ಬೇಡವೆಂದು "ಇಲ್ಲೆ, ಇಲ್ಲೆ" ಅಂದಿರಬೇಕು. ಒಂದು ಸಲ ನಿಜ ಹೇಳಿದ್ದರೆ ನನ್ನ ಇಡೀ ವರ್ಷ ಉಳಿಯುತ್ತಿತ್ತು.

ಅಫ್ಸಾನಾ


ಜವ್ವಾದಿ ಬೆಟ್ಟ
5 ಮಾರ್ಚ್ 1997

ಅಫ್ಸಾನಾ,

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂದಿದೆ. ಬಂದಿದೆ ಅಂತಲೇ ಬರೆಯುತ್ತಿದ್ದೇನೆ.

ನನ್ನ ಅಪ್ಪಯ್ಯ ಸುಳ್ಳು ಹೇಳಿದರು ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ನಿನಗೆ ಲೆಕ್ಕ ತಪ್ಪಿತು, ಒಪ್ಪುತ್ತೇನೆ, ಯಾರಿಗೆ ತಪ್ಪುವುದಿಲ್ಲ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯ ನೆಲವೇ ಡೊಂಕಾಗಬೇಕಿತ್ತಾ?

ಅವರು ನಿನ್ನ ಮಾತಿಗೆ ಎಷ್ಟು ಬೆಲೆ ಕೊಟ್ಟಿದ್ದಾರೆ ಗೊತ್ತಾ? ಆಯಿ ದೀಪಾವಳಿಯಲ್ಲೇ ನನಗೆ ಬರೆದಿದ್ದರು, ಓದಿ ನಾನು ನಕ್ಕಿದ್ದೆ. ಬಲಿಪಾಡ್ಯದ ಬೆಳಿಗ್ಗೆ ಎಲ್ಲರಂತೆ ನಮ್ಮ ದನಗಳನ್ನೂ ಮೀಯಿಸಲು ಕೆರೆಗೆ ಹೊಡೆದುಕೊಂಡು ಹೊರಟರಂತೆ. ಮೀಯದ ದನಕ್ಕೆ ಪೂಜೆ ಹೇಗೆ ಮಾಡುವುದು? ಅರ್ಧ ದಾರಿ ಹೋದವರು ನಿಂತು, "ತಡಿ, ಡಾಕ್ಟ್ರು ಕೂಸಿಗೆ ಮಾತು ಕೊಟ್ಟಿದ್ದಿ" ಎಂದು ವಾಪಸು ಬಂದು, ಪೈರಿಗೆ ಬಾಯಿ ಹಾಕದಂತೆ ಕಟ್ಟುವ ಬಾಯಿಕುಕ್ಕೆಗಳನ್ನು ಅಟ್ಟದಿಂದ ಇಳಿಸಿ, ಒಂದೊಂದು ದನದ ಬಾಯಿಗೂ ಕಟ್ಟಿ, ಮೇಲಿಂದ ಬಟ್ಟೆ ಸುತ್ತಿ, ಆಮೇಲೆ ನೀರಿಗಿಳಿಸಿದರಂತೆ. ಹಬ್ಬದ ದಿನ ದನದ ಬಾಯಿ ಕಟ್ಟುವುದುಂಟೇ ಎಂದು ಊರೆಲ್ಲ ನಕ್ಕಿತಂತೆ. ಅಪ್ಪಯ್ಯ ನಗಲಿಲ್ಲ. ಕಪಿಲೆ ಅವತ್ತೇ ಕರು ಹಾಕಿ ಕೊಟ್ಟಿಗೆಯಲ್ಲೇ ಉಳಿದದ್ದರಿಂದ ಅದೊಂದಕ್ಕೆ ಕುಕ್ಕೆ ತಪ್ಪಿತು.

ಹಬ್ಬದ ದಿನವೂ ಒಂದು ಹನಿ ಕೆರೆಯ ನೀರು ಬಾಯಿಗೆ ಹೋಗಗೊಡದ ಮನುಷ್ಯ ಕೊಯ್ಲಿನ ಕಾಲದಲ್ಲಿ ಕದ್ದು ಬಿಟ್ಟರಾ? ಯೋಚನೆ ಮಾಡು.

ಇನ್ನು ಬರೆಯುವುದಿಲ್ಲ.

ವೇದಾ


ತಂತಿ
ಸಿದ್ದಾಪುರ, 12 ಮಾರ್ಚ್ 1997

ಅಪ್ಪಯ್ಯ ಸತ್ಯವಂತರು. ನಾನು ಕತ್ತೆ. ಪತ್ರ ಬರುತ್ತಿದೆ. ಅಫ್ಸಾನಾ


ಸಿದ್ದಾಪುರ
12 ಮಾರ್ಚ್ 1997

ನನ್ನ ವೇದಾ, ನನ್ನ ಚಿನ್ನ, ನನ್ನ ಬಂಗಾರ,

ಮೊದಲು ಕಾಲಿಗೆ ಬಿದ್ದೆ ಎಂದು ತಿಳಿ. ತಂತಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟೆ, ಅಂಚೆ ಕಚೇರಿಯವರು "ಕತ್ತೆ ಅಂತಲೇ ಹಾಕಬೇಕಾ?" ಎಂದು ಕೇಳಿಕೊಂಡೇ ಕಳಿಸಿದ್ದು.

ಕುಕ್ಕೆ! ಬಾಯಿಕುಕ್ಕೆ! ಓದುತ್ತ ಓದುತ್ತ ನಿನ್ನ ಬೈಗುಳಕ್ಕೆ ಕಣ್ಣೀರು ಹಾಕುತ್ತಿದ್ದವಳು ಆ ಸಾಲಿಗೆ ಬಂದಾಗ ಕುರ್ಚಿ ಬಿಟ್ಟೆದ್ದೆ. ಕೆರಿಯಪ್ಪ ಮತ್ತೆ ದೊಣ್ಣೆ ಹಿಡಿದು ಬಂದ. ವೇದಾ, ಆ ಹುಳ ಬಾಯಿಂದ ಹೋಗುವುದೇ ಇಲ್ಲವಲ್ಲೇ! ಚರ್ಮ ಕೊರೆದು ಹೋಗುತ್ತದೆ. ಮೊದಲ ಪತ್ರದಲ್ಲೇ ನಿನಗೆ ಬರೆದಿದ್ದೆ. ನಿನಗೆ ಬರೆದೆ, ಸಾಹೇಬರಿಗೆ ಹೇಳಿದೆ, ಪ್ರಬಂಧಕ್ಕೂ ಬರೆದಿಟ್ಟುಕೊಂಡೆ. ದನ ಕಟ್ಟಿದವರಿಗೆ ಮಾತ್ರ ಹೇಳಲಿಲ್ಲ. "ಕೆರೆ ನೀರು ಕೊಡಬೇಡಿ" ಅಂದೆ. ಅವರು ಕೊಡಲಿಲ್ಲ. ಬಾಯಿ ಕಟ್ಟಿ, ಕುತ್ತಿಗೆಯವರೆಗೆ ನೀರಲ್ಲಿ ನಿಲ್ಲಿಸಿ, ತೆಂಗಿನ ಸಿಪ್ಪೆ ಹಾಕಿ ತಿಕ್ಕಿ ತಿಕ್ಕಿ ತೊಳೆದರು! ಅದರ ಹಿಂದಿನ ವರ್ಷದ ಹಬ್ಬದ ಹೊತ್ತಿಗೆ ಕೆರೆಗೆ ಈ ಹುಳ ಬಂದಿರಲಿಲ್ಲ, ಅದಕ್ಕೇ ಆಗ ಉಳಿದುಕೊಂಡಿದ್ದವು.

ಇವತ್ತೇ ತ್ಯಾಗಲಿಗೆ ಓಡಿದೆ. ಹೋದಾಗಲೆಲ್ಲ ಕೇಳಿದೆನಲ್ಲ, ಯಾಕೆ ಹೇಳಲಿಲ್ಲ ಎಂದು ನಿನ್ನ ಆಯಿಯನ್ನು ಕೇಳಿದರೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಹಬ್ಬ ಅಲ್ದನೆ? ದನ ಕೆರೆಗೆ ಹೋಪದು ಬೇರೆ, ಹಬ್ಬಕ್ಕೆ ಮೀಸದು ಬೇರೆ" ಅಂದರು. ಮದುವೆಗೆ ಹೋದವಳಿಗೆ ಊರು ಬಿಟ್ಟೆಯಾ ಅಂದರೆ ಇಲ್ಲ ಅನ್ನುವ ಹಾಗೆ! ನಾನೂ ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಹಬ್ಬಕ್ಕೆ ದನ ಮೀಯಿಸುತ್ತಾರೆಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ತೋರಣ ನೋಡಿದೆ, ಹೋಳಿಗೆ ತಿಂದೆ. ತಲೆ ಎಲ್ಲಿತ್ತೋ!

ಈಗ ಕೇಳು. ಕರು ಹಾಕಿ ಉಳಿದ ಕಪಿಲೆ ಆಮೇಲೆ ಉಳಿದವುಗಳ ಜೊತೆ ಅದೇ ಗದ್ದೆಯಲ್ಲಿ ಮೇಯ್ದಿದೆ. ಇವತ್ತು ಅದರ ಮೂಗು ನೋಡಿದೆ. ಒಂದು ಮೊಟ್ಟೆ ಇಲ್ಲ. ಗದ್ದೆ ಅಲ್ಲ ವೇದಾ. ಕೆರೆ, ಕೆರೆ, ಕೆರೆ!

ನಿನ್ನ ಅಪ್ಪಯ್ಯ ಸಂಕದಗುಂಡಿಯ ಕಡೆ ಹೋಗಿದ್ದರು, ಸಿಗಲಿಲ್ಲ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ. ತಾನು ಅಷ್ಟು ಶ್ರದ್ಧೆಯಿಂದ ಮಾಡಿದ ಪೂಜೆಯಿಂದಲೇ ದನಕ್ಕೆ ರೋಗ ಬಂತು ಎಂದು ಅವರಿಗೆ ಹೇಗೆ ಹೇಳಲಿ? ಹೇಳದೆ ಪ್ರಬಂಧ ಹೇಗೆ ಬರೆಯಲಿ?

ಬೇಗ ಬರೆ. ಬೈದಾದರೂ ಬರೆ.

ಕತ್ತೆ


ಜವ್ವಾದಿ ಬೆಟ್ಟ
20 ಮಾರ್ಚ್ 1997

ಪ್ರೀತಿಯ ಕತ್ತೆ,

ತಂತಿ ಕೈಗೆ ಬಂದಾಗ ಇಲ್ಲಿಯವರೆಲ್ಲ ಮನೆಯಲ್ಲಿ ಯಾರಿಗೋ ಏನೋ ಆಯಿತೆಂದು ಸುತ್ತ ನಿಂತಿದ್ದರು. ನಾನು ಓದಿ ನಗುತ್ತ ಅತ್ತೆ, ಅವರಿಗೆ ಇನ್ನೂ ಗಾಬರಿಯಾಯಿತು. ಸಿಟ್ಟೆಲ್ಲ ಹೋಯಿತು ಕಣೆ. ಅಪ್ಪಯ್ಯನ ಪರ ವಾದಿಸಲು ಹೋಗಿ ನಾನೇ ಸಾಕ್ಷಿ ಒದಗಿಸಿಕೊಟ್ಟೆನಲ್ಲ!

ನಾನೂ ಒಂದು ಮುಚ್ಚಿಟ್ಟಿದ್ದೆ. ಜನವರಿಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆದದ್ದು ಹಸಿ ಸುಳ್ಳು. ನನ್ನ ಅಳತೆಯೆಲ್ಲ ತಲೆಕೆಳಗಾಗಿ ಕೂತಿತ್ತು. ಯಾವತ್ತೂ ಬದಲಾಗದ್ದು ಎಂದು ನಾನು ನಂಬಿಕೊಂಡ ಹೋಲಿಕೆಯ ನಕ್ಷತ್ರವೇ ಮೆಲ್ಲಗೆ ಏರಿಳಿಯುತ್ತಿತ್ತು! ನಿನಗೆ ಅಷ್ಟು ಜಂಬದಿಂದ ಪಾಠ ಹೇಳಿದವಳು ಯಾವ ಮುಖದಲ್ಲಿ ಬರೆಯಲಿ? ಬಿಟ್ಟು ಊರಿಗೆ ಬಂದುಬಿಡೋಣ ಅನ್ನಿಸಿತ್ತು. ನಮ್ಮ ಗುರುಗಳು ಲೆಕ್ಕವನ್ನೆಲ್ಲ ನೋಡಿ ಕುರ್ಚಿಯ ತುದಿಗೆ ಬಂದರು. "ಇದನ್ನು ಎಸೀಬೇಡ ತಾಯಿ. ಇದು ಏರಿಳಿಯುತ್ತೆ ಅಂತ ಇದುವರೆಗೆ ಯಾರಿಗೂ ಗೊತ್ತಿಲ್ಲ. ಇದನ್ನೇ ಬರಿ" ಅಂದರು. ಅಫ್ಸಾನಾ, ನಾನು ಹಾಳಾಯಿತು ಎಂದುಕೊಂಡ ನಕ್ಷತ್ರವೇ ಈಗ ನನ್ನ ಪ್ರಬಂಧ!

ಅದಕ್ಕೇ ಹೇಳುತ್ತೇನೆ, ಹೋಲಿಕೆಯ ದನ ಕೆಟ್ಟಿತು ಎಂದು ಬಿಡಬೇಡ. ಆದರೆ ಒಂದು ಕಪಿಲೆ ಸಾಲದು. ನಿನ್ನ ಸಾಹೇಬರು "ಅದಕ್ಕೆ ಅದೃಷ್ಟ" ಅಂದರೆ ಮುಗಿಯಿತು. ಹೋಗದೆ ಬಿಟ್ಟ ಬಾವಿ ನೀರಿನ ಮನೆಗಳಿವೆಯಲ್ಲ, ಅಲ್ಲಿ ಹೋಗು. ದನ ಕೆರೆಗೆ ಹೋಗಿತ್ತಾ ಎಂದು ಕೇಳಬೇಡ. ಹಬ್ಬ ಮಾಡಿದಿರಾ ಎಂದು ಕೇಳು. ಕಳೆದ ವರ್ಷ ಸಾವಾದ ಮನೆಯಲ್ಲಿ ಹಬ್ಬವಿಲ್ಲ. ಹಬ್ಬವಿಲ್ಲದಿದ್ದರೆ ದನ ಮೀಯಿಸುವುದೂ ಇಲ್ಲ.

ಅಪ್ಪಯ್ಯನಿಗೆ ನೀನೇ ಹೇಳು, ನೇರವಾಗಿ ಹೇಳು. ಸುತ್ತಿ ಬಳಸಿ ಹೇಳಿದರೆ ಅವರಿಗೆ ಇನ್ನೂ ನೋವಾಗುತ್ತದೆ.

ನನ್ನ ಧೂಮಕೇತು ಈಗ ಸಂಜೆ ಪಡುವಣದಲ್ಲಿ ಕಾಣುತ್ತಿದೆ. ಅದರ ಮೇಲಿನ ಆಪಾದನೆ ತೆಗೆಸುವ ಜವಾಬ್ದಾರಿಯೂ ನಿನ್ನದೇ.

ವೇದಾ


ಸಿದ್ದಾಪುರ
26 ಏಪ್ರಿಲ್ 1997

ಪ್ರೀತಿಯ ವೇದಾ,

ನಿನ್ನೆ ಧಾರವಾಡದಿಂದ ಬಂದೆ. ಮೊದಲಿಂದ ಹೇಳುತ್ತೇನೆ, ಹಾರಿಸಿ ಓದಿದರೆ ನನ್ನಾಣೆ.

ಬಾವಿ ನೀರಿನ ಉಳಿದ ಮನೆಗಳನ್ನೆಲ್ಲ ಸುತ್ತಿದೆ. ಹಬ್ಬ ಮಾಡಿದ ಮನೆಗಳಲ್ಲಿ ಗೊರಕೆ. ಕೊನೆಗೆ ಪಾರ್ವತವ್ವನ ಮನೆ. ಮಳೆಗಾಲದಲ್ಲಿ ಅವಳ ಯಜಮಾನ ತೀರಿಹೋಗಿದ್ದು ನಿನಗೆ ಗೊತ್ತಲ್ಲ. ಹಬ್ಬ ಮಾಡಿದಿರಾ ಎಂದು ಹೇಗೆ ಕೇಳುವುದು? ಅಂಗಳದಲ್ಲಿ ನಿಂತು ದನ ಹೇಗಿವೆ ಎಂದಷ್ಟೇ ಕೇಳಿದೆ. ಅವಳೇ ಹೇಳಿದಳು, "ನಮಗೆಲ್ಲಿ ಹಬ್ಬನ್ರಮ್ಮ. ದನಕ್ಕೆ ನೀರು ಹಾಕ್ಲಿಲ್ಲ, ಒಂದು ಹೂವು ಮುಡಿಸ್ಲಿಲ್ಲ. ಎಲ್ಲಾರ ದನ ಹೂವಿನ ಸರ ಹಾಕ್ಕಂಡು ಹೋಗೋದ ನೋಡಿ ನಮ್ಮವು ಕೂಗಿದ್ವು. ನಂಗೂ ಅಳು ಬಂತು."

ಅವಳ ಕೊಟ್ಟಿಗೆಯ ಒಂದು ದನಕ್ಕೂ ಗೊರಕೆ ಇಲ್ಲ ವೇದಾ. ಮೂಗಿನಲ್ಲಿ ಒಂದು ಮೊಟ್ಟೆ ಇಲ್ಲ. ಅದೇ ಗದ್ದೆ, ಅದೇ ಹುಲ್ಲು. ಸಾವಾಗಿ ಹಬ್ಬ ಬಿಟ್ಟ ಇನ್ನೊಂದು ಮನೆಯಲ್ಲೂ ಹಾಗೇ. ಅಲ್ಲೇ ಕುಣಿಯಬೇಕೆನ್ನಿಸಿತು. ಹೇಗೆ ಕುಣಿಯಲಿ? ಪಾರ್ವತವ್ವನ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದೆ. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ಹಂಗಾರೆ ಅವ್ರು ಹೋಗ್ತಾ ಹೋಗ್ತಾ ದನ ಉಳ್ಸಿ ಹೋದ್ರು ಅನ್ನಿ" ಅಂದಳು. ನಾನು ಅವಳನ್ನು ಅಪ್ಪಿಕೊಂಡು ಅತ್ತೆ. ಇದನ್ನು ಪ್ರಬಂಧದಲ್ಲಿ ಬರೆಯಲು ಬರುವುದಿಲ್ಲ, ನಿನಗೆ ಬರೆಯುತ್ತಿದ್ದೇನೆ.

ನಿನ್ನ ಅಪ್ಪಯ್ಯನಿಗೂ ಹೇಳಿದೆ, ನೀನು ಹೇಳಿದಂತೆ ನೇರವಾಗಿ. ಜಗಲಿಯಲ್ಲಿ ನಿಂತಿದ್ದವರು ಕಂಬ ಹಿಡಿದು ಕೂತುಬಿಟ್ಟರು.

"ಎಂತದೇ ಕೂಸೆ, ಎನ್ನ ಕೈಯಿಂದನೇ ಆತಾ?"

"ನಿಮ್ಮಿಂದಲ್ಲ ಹೆಗಡೇರೆ, ನಾನು ಪೂರ್ತಿ ಹೇಳಲಿಲ್ಲ. ಅದಕ್ಕಿಂತ ಹೆಚ್ಚಿಗೆ ನಾನು ನಿಮ್ಮನ್ನು ಸುಳ್ಳುಗಾರರು ಅಂದುಕೊಂಡೆ. ಅದನ್ನು ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು" ಎಂದೆ. ಎದ್ದು ಕೊಟ್ಟಿಗೆಗೆ ಹೋಗಿ ತುಂಗೆಯ ಕತ್ತಿನ ಗಂಗೆದೊಗಲು ಸವರುತ್ತ ನಿಂತರು. ತುಂಗೆ ಗರಗರ ಉಸಿರೆಳೆಯುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಆಮೇಲೆ ತಿರುಗಿ ನೋಡದೆಯೇ ಕೇಳಿದರು, "ಹಂಗಾರೆ ನಿನ್ನ ಲೆಕ್ಕ ಸರಿ ಆತಲೆ?"

"ಆಯಿತು. ನೀವು ಕುಕ್ಕೆ ಕಟ್ಟಿದ್ದರಿಂದಲೇ ಆಯಿತು. ನೀರು ಕುಡಿಯದಿದ್ದರೂ ರೋಗ ಬರುತ್ತದೆ, ನೀರಿಗಿಳಿದರೆ ಸಾಕು ಎಂದು ಇಡೀ ತಾಲ್ಲೂಕಿನಲ್ಲಿ ತೋರಿಸಿಕೊಟ್ಟವರು ನೀವೊಬ್ಬರೇ."

"ಹಂಗಾರೆ ಬರಿ. ಎನ್ನ ಹೆಸರು ಹಾಕಿ ಬರಿ. ಮಾತು ತಪ್ಪಿದ್ನಿಲ್ಲೆ ಹೇಳಿನೂ ಬರಿ" ಅಂದರು.

ಬರೆದೆ. ಧಾರವಾಡದಲ್ಲಿ ಓದಿದೆ. ಬಾಯಿಕುಕ್ಕೆಯ ಪುಟಕ್ಕೆ ಬಂದಾಗ ಸಭೆಯೇ ನಕ್ಕಿತು. ಮುಂದಿನ ಪುಟದಲ್ಲಿ ಹಬ್ಬವಿಲ್ಲದ ಮನೆಗಳು ಬಂದಾಗ ನಗೆ ನಿಂತು, ಜನ ಬರೆದುಕೊಳ್ಳತೊಡಗಿದರು! ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು, "ನಮ್ಮ ಹಾವೇರಿ ಕಡೆನೂ ಹಬ್ಬಕ್ಕ ದನಾ ಕೆರ್ಯಾಗ ತೊಳಿತಾರ್ರಿ, ನಾವು ಒಮ್ಮೆನೂ ಕೇಳಿಲ್ಲ ನೋಡ್ರಿ" ಅಂದರು. ಸಾಹೇಬರು ಬಸ್ಸಿನಲ್ಲಿ ಕೂತು ಅಲ್ಲೇ ಬೇಲಿ, ತೊಟ್ಟಿಗೆ ಪತ್ರ ಬರೆದರು. "ಗದ್ದೆಯ ಹತ್ತಿರ ಕ್ಷಮೆ ಕೇಳಿಬಿಡಬೇಕಲ್ಲ" ಎಂದು ನಕ್ಕರು. ದೊಡ್ಡ ಮನಸ್ಸು ಕಣೆ ಅವರದು.

ತುಂಗೆಗೆ, ಚೌಡಮ್ಮನ ದನಕ್ಕೆ ಇಂಜೆಕ್ಷನ್ ಶುರು ಮಾಡಿದ್ದೇನೆ. ಚೌಡಮ್ಮನನ್ನು ಅಂಗಳಕ್ಕೆ ಕರೆದು ಧೂಮಕೇತು ನಿರಪರಾಧಿ ಎಂದೂ ಹೇಳಿದೆ. "ಇರ್ಲಿ ಬಿಡ್ರಿ, ಚಂದ ಉಂಟು" ಅಂದಳು. ನಿನ್ನ ಚುಕ್ಕಿಗೆ ಬಿಡುಗಡೆಯಾಯಿತು.

ಅಫ್ಸಾನಾ


ತ್ಯಾಗಲಿ
ಬಲಿಪಾಡ್ಯದ ಸಂಜೆ, ನವೆಂಬರ್ 1997

ಪ್ರೀತಿಯ ವೇದಾ,

ನಿಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಹಬ್ಬಕ್ಕೆ ಎಲ್ಲೂ ಹೋಗುವುದಿಲ್ಲ ಎಂದು ಅಮ್ಮಿಗೆ ಮೊದಲೇ ಹೇಳಿದ್ದೆ. ನಿನ್ನ ನಕ್ಷತ್ರದ ಪ್ರಬಂಧ ಅಚ್ಚಾದ ಸುದ್ದಿ ಓದಿ ನಿನ್ನ ಆಯಿ ಕೇರಿಗೆಲ್ಲ ಹೋಳಿಗೆ ಹಂಚಿದರು. ಏರಿಳಿಯುವುದು ಎಂದರೆ ಏನು ಎಂದು ಕೇಳಿದವರಿಗೆಲ್ಲ "ಅದು ನಮ್ಮ ಕೂಸಿಗೇ ಗೊತ್ತಿಪ್ಪದು" ಅನ್ನುತ್ತಾರೆ.

ತೊಟ್ಟಿಗಳು ಬಂದಿವೆ. ಬೇಲಿಯ ಕಂಬ ಇನ್ನೂ ಬಂದಿಲ್ಲ, ಊರಿನವರೇ ಸದ್ಯಕ್ಕೆ ಬಿದಿರು ಕಟ್ಟಿದ್ದಾರೆ. ಬೆಳಿಗ್ಗೆ ಎಲ್ಲರ ದನವೂ ನಿಮ್ಮ ಬಾವಿಯ ಹತ್ತಿರ ಸಾಲಾಗಿ ನಿಂತಿದ್ದವು. ಎಂಥ ಗದ್ದಲ! ಒಬ್ಬರು ಸೇದುವುದು, ಒಬ್ಬರು ಹೊಯ್ಯುವುದು, ಮಕ್ಕಳಿಗೆ ದನಕ್ಕಿಂತ ಹೆಚ್ಚು ಸ್ನಾನ. ನಿನ್ನ ಅಪ್ಪಯ್ಯ ಮೊದಲ ಕೊಡ ಎತ್ತಿ ಹಿಡಿದು, ಹೊಯ್ಯದೆ, ಎಲ್ಲರೆದುರು ನನ್ನನ್ನು ಕೇಳಿದರು, "ಕೂಸೆ, ಈ ಸಲ ಪೂರ್ತಿ ಹೇಳಿಬಿಡು. ಬಾಯಿಯಾ, ಕಾಲಾ, ಮೈಯಾ?"

"ಬಾವಿ ನೀರು ಎಲ್ಲಿಗೆ ಬೇಕಾದರೂ ಹೊಯ್ಯಿರಿ. ಕೆರೆ ನೀರು ಉಗುರಿಗೂ ಬೇಡ" ಎಂದು ನಾನು ಕೂಗಿದೆ. ಆಮೇಲೆ ಹೊಯ್ದರು.

ಪಾರ್ವತವ್ವನ ಮನೆಯಲ್ಲಿ ಈ ವರ್ಷ ಹಬ್ಬ. ಅವಳ ದನಗಳಿಗೆ ಯಾರ ಮನೆಯವಕ್ಕೂ ಇಲ್ಲದಷ್ಟು ಚೆಂಡುಹೂವಿನ ಸರ. ಹೋದ ವರ್ಷದ್ದನ್ನೂ ಸೇರಿಸಿ ಹಾಕಿದ್ದೇನೆ ಅಂದಳು.

ಈಗಷ್ಟೇ ಕೊಟ್ಟಿಗೆಯಲ್ಲಿ ಪೂಜೆ ಮುಗಿಯಿತು. ಆರತಿಯಾದ ಮೇಲೆ ನಿನ್ನ ಅಪ್ಪಯ್ಯ ಜಾಗಟೆ ಬಾರಿಸುವುದನ್ನು ನಿಲ್ಲಿಸಿ ಕೈ ಎತ್ತಿ, "ಕೇಳಿ" ಅಂದರು. ಏನು ಕೇಳಬೇಕೆಂದು ತಿಳಿಯದೆಯೇ ನಾವೆಲ್ಲ ಕಿವಿಗೊಟ್ಟೆವು. ತುಂಗೆ ಮೆಲುಕು ಹಾಕುವ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ, ಒಂದು ಗೊರಕೆಯೂ.

ನಿನ್ನ
ಅಫ್ಸಾನಾ